ಮಾವನ ಬಿಲ್ಲು, ನನ್ನ ಕೋಡು (ಭಾಗ 4)

ಪೀಣ್ಯದಲ್ಲಿರೋ ಮಾವನ ವರ್ಕ್‌ಶಾಪಿಗೆ ಜಾವಾಸ್ಕ್ರಿಪ್ಟಲ್ಲಿ ಬಿಲ್ಲಿಂಗ್ ಪೇಜ್ ಮಾಡಿಕೊಟ್ಟಿದ್ದೆ ಅಂದಿದ್ನಲ್ಲ? 2025ರ ಸೆಪ್ಟೆಂಬರ್ 22ಕ್ಕೆ ಅವರ ಜಾಬ್ ವರ್ಕಿನ ಜಿಎಸ್‌ಟಿ 12ರಿಂದ 18 ಆಯ್ತು. ನನಗೆ ಇಂಟರ್ನಲ್ಸ್. ಮೂರು ದಿನ ಹಳೇ ರೇಟಲ್ಲೇ ಬಿಲ್ ಹೋಯ್ತು, ವ್ಯತ್ಯಾಸ ಮಾವನ ಜೇಬಿಂದ. ಬೈಯಲೂ ಇಲ್ಲ ಅವರು.

ರೂಲನ್ನು ಅವರೇ ಬದಲಾಯಿಸಲಿ ಅಂತ ಒಂದು ಬಾಕ್ಸ್ ಇಟ್ಟೆ. ಮೊದಲು ಇವ್ಯಾಲ್ ಹಾಕಿದ್ದೆ. ಬೇಡ ಕಣ್ರೋ! ಬಾಕ್ಸಲ್ಲಿ ಬರೆದಿದ್ದೆಲ್ಲ ಪೇಜಿನ ಕೋಡಾಗಿಯೇ ಓಡುತ್ತೆ, ಗಿರಾಕಿಗಳ ಲಿಸ್ಟನ್ನೂ ಹೊರಗೆ ಕಳಿಸಬಹುದು. ಈಗ ಜೆಸೊನಾಟಾ ಹಾಕಿದ್ದೀನಿ. ಜಾವಾಸ್ಕ್ರಿಪ್ಟ್ ಒಳಗೇ ಕೂರೋ ಪುಟ್ಟ ಫಂಕ್ಷನಲ್ ಭಾಷೆ. ಎಕ್ಸೆಲ್ ಫಾರ್ಮುಲಾ ಥರ, ಕೊಟ್ಟ ಡೇಟಾ ತಗೊಂಡು ಉತ್ತರ ಕೊಡುತ್ತೆ, ಅಷ್ಟೇ. ಗಿರಾಕಿಯ ಸ್ಟೇಟ್ ಕೋಡ್ 29 ಆದ್ರೆ 9+9. ಹೊಸೂರಿನವರದು 33, ಅವರಿಗೆ ಐಜಿಎಸ್‌ಟಿ 18.

ನಿನ್ನೆ ಮಾವ ರೂಲಲ್ಲಿ ಒಂದು ಬ್ರಾಕೆಟ್ ಬಿಟ್ಟು ಟೈಪ್ ಮಾಡಿದ್ರು. ಬಿಲ್ ಬರಲಿಲ್ಲ, ನನಗೆ ಫೋನ್ ಬಂತು.