ಬೆಕ್ಕಿನ ಮೇಲಿನ ದೂರು

ಅಮ್ಮನ ಮೊಣಕೈ ಬಳಿ ಉಂಗುರದಂಥ ಕೆಂಪು ಕಲೆ ಎದ್ದಾಗ ಅಪ್ಪ ದೂರಿದ್ದು ಬೆಕ್ಕನ್ನು. “ಹುಳುಕಡ್ಡಿ ಅಂಟಿಸಿದ್ದು ಇದೇ, ಎಲ್ಲಾದ್ರೂ ಬಿಟ್ಟು ಬರ್ತೀನಿ” ಅಂದರು. “ಪರೀಕ್ಷೆ ಆಗೋವರೆಗೂ ತಡೀರಪ್ಪ” ಅಂದೆ. ಚರ್ಮದ ಶಿಲೀಂಧ್ರಗಳೇ ನನ್ನ ಪಿಎಚ್‌.ಡಿ. ವಿಷಯ.

ಕಲೆಯ ಅಂಚಿನಿಂದ ಹೊಟ್ಟು ಕೆರೆದು, ಬೆಕ್ಕಿನ ಕೂದಲು ಕಿತ್ತು ಲ್ಯಾಬಿಗೆ ಒಯ್ದೆ. ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿದ್ದರೆ ಚರ್ಮದ ಕೆರಾಟಿನ್ ಕರಗುತ್ತದೆ, ಶಿಲೀಂಧ್ರ ಉಳಿಯುತ್ತದೆ. ಅಮ್ಮನ ಸ್ಲೈಡಿನಲ್ಲಿ ಕವಲೊಡೆದ ಎಳೆಗಳು ಕಂಡವು. ಆದರೆ ಎಳೆ ನೋಡಿ ಜಾತಿ ಹೇಳಲಾಗದು. ಸಬೊರಾಡ್ ಅಗಾರ್ ಮೇಲೆ ಬೆಳೆಸಿ ವಾರಗಟ್ಟಲೆ ಕಾಯಬೇಕು. ಬೆಕ್ಕಿನಿಂದ ಸಾಮಾನ್ಯವಾಗಿ ಅಂಟುವುದು ಮೈಕ್ರೋಸ್ಪೋರಮ್ ಕ್ಯಾನಿಸ್.

ಮೂರನೇ ವಾರ ಅಮ್ಮನ ಪ್ಲೇಟಿನ ಅಡಿ ಕಡುಗೆಂಪಾಗಿತ್ತು. ಬೆಳೆದದ್ದು ಟ್ರೈಕೋಫೈಟಾನ್ ರುಬ್ರಮ್. ಹರಡುವುದು ಮನುಷ್ಯರಿಂದ ಮನುಷ್ಯರಿಗೆ. ಬೆಕ್ಕಿನ ಪ್ಲೇಟು ಖಾಲಿ.

ಹಾಸ್ಟೆಲಿನಿಂದ ಊರಿಗೆ ಹೋದಾಗಲೆಲ್ಲ ನಾನು ಬಳಸುತ್ತಿದ್ದದ್ದು ಅಮ್ಮನ ಟವೆಲು. ನನ್ನ ಸೊಂಟದ ಕಡಿತಕ್ಕೆ ಮೆಡಿಕಲ್ ಶಾಪಿನ ಸ್ಟೆರಾಯ್ಡ್ ಮುಲಾಮು ಹಚ್ಚಿಕೊಂಡು ಸುಮ್ಮನಿದ್ದೆ. ಅದು ಕೆಂಪನ್ನು ಅಡಗಿಸುತ್ತದೆ, ಶಿಲೀಂಧ್ರವನ್ನಲ್ಲ. ಅವತ್ತು ಸಂಜೆ ನನ್ನ ಸೊಂಟವನ್ನೂ ಕೆರೆದು ನೋಡಿದೆ. ಅಂಥವೇ ಎಳೆಗಳು.

ಫೋನು ಮಾಡಿ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಬೆಕ್ಕನ್ನು ಸಂತೆಮಾಳದಲ್ಲಿ ಬಿಟ್ಟುಬಂದು ಆಗಲೇ ಹತ್ತು ದಿನವಾಗಿತ್ತು.