ತಂದೆಯ ಲೆಕ್ಕ

ತಂದೆ ಮಗನನ್ನು ಸಾಕುವುದು ಲೋಕದ ರೂಢಿ. ಹನ್ನೆರಡು ವರ್ಷದ ಮಗನೇ ದುಡಿದು ತಂದೆಗೆ ಸಂಬಳ ಕೊಡುವ ಮನೆಯಲ್ಲಿ ವಾತ್ಸಲ್ಯದ ಗತಿ ಏನಾದೀತು? 2019ರಲ್ಲಿ ತೆರೆಕಂಡ ‘ಹನಿ ಬಾಯ್’ ಎಂಬ ಅಮೆರಿಕದ ಚಲನಚಿತ್ರವು ಎತ್ತುವ ಪ್ರಶ್ನೆ ಇದು.

ಆಲ್ಮಾ ಹರೆಲ್ ನಿರ್ದೇಶಿಸಿದ ಈ ಚಿತ್ರದ ಕಥೆಯನ್ನು ಬರೆದವರು ನಟ ಶಯಾ ಲಬೌಫ್. ಬಾಲ್ಯದಲ್ಲಿಯೇ ಟೆಲಿವಿಷನ್ ಧಾರಾವಾಹಿಯಿಂದ ಹೆಸರು ಗಳಿಸಿದ ಅವರು, ಬೆಳೆದ ಮೇಲೆ ಕುಡಿತಕ್ಕೂ ಕೋಪಕ್ಕೂ ವಶರಾದರು. 2017ರಲ್ಲಿ ಬಂಧನಕ್ಕೊಳಗಾಗಿ ಚಿಕಿತ್ಸಾಕೇಂದ್ರವನ್ನು ಸೇರಿದಾಗ, ಚಿಕಿತ್ಸೆಯ ಅಂಗವಾಗಿ ಬರೆದುದೇ ಈ ಆತ್ಮಕಥನಪ್ರಾಯವಾದ ಕಥೆ. ಚಿತ್ರದಲ್ಲಿ ತಂದೆಯ ಪಾತ್ರವನ್ನು ವಹಿಸಿದವರೂ ಅವರೇ.

ಬಾಲನಟ ಓಟಿಸ್ ತನ್ನ ತಂದೆ ಜೇಮ್ಸ್‌ನೊಡನೆ ಲಾಸ್ ಏಂಜಲೀಸಿನ ಬಡ ವಸತಿಗೃಹವೊಂದರಲ್ಲಿ ವಾಸಿಸುತ್ತಾನೆ. ತಂದೆ ಹಿಂದೊಮ್ಮೆ ವಿದೂಷಕನಾಗಿದ್ದವನು. ಕುಡಿತವನ್ನು ಬಿಟ್ಟಿದ್ದಾನೆ, ಮನಸ್ಸಿನ ಕಹಿಯನ್ನು ಬಿಟ್ಟಿಲ್ಲ. ಮಗನನ್ನು ನೋಡಿಕೊಳ್ಳುವುದೇ ಅವನ ಉದ್ಯೋಗ. ಕೂಲಿ ಬರುವುದು ಮಗನ ಗಳಿಕೆಯಿಂದ. ಹಣವಿಲ್ಲದಿದ್ದರೆ ತಂದೆ ತನ್ನ ಬಳಿ ಇರುತ್ತಿದ್ದನೇ ಎಂಬುದು ಮಗನ ಸಂದೇಹ. ಮಗನ ಅನ್ನವನ್ನು ಉಣ್ಣುವ ಅಪಮಾನ ತಂದೆಯದು. ಈ ಅಪಮಾನವೇ ಬೈಗುಳವಾಗಿ, ಹೊಡೆತವಾಗಿ ಹೊರಬರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯನ್ನು ಕಾಯಲು 1939ರಲ್ಲಿಯೇ ಕಾನೂನು ಬಂದಿತು. 2000ದಿಂದೀಚೆಗೆ ಗಳಿಕೆಯ ಶೇ. 15ರಷ್ಟನ್ನು ಮಗುವಿನ ಹೆಸರಿನಲ್ಲಿ ನಿಕ್ಷೇಪವಾಗಿ ಇಡಲೇಬೇಕು. ಕಾನೂನು ಹಣವನ್ನು ಕಾಯಬಲ್ಲದು. ತಂದೆ-ಮಗನ ನಡುವಿನ ವಿಶ್ವಾಸವನ್ನು ಕಾಯಲಾರದು.

ಕಥೆ ಇಲ್ಲಿಗೇ ಮುಗಿಯಲಿಲ್ಲ. 2022ರ ಸಂದರ್ಶನವೊಂದರಲ್ಲಿ ಲಬೌಫ್ ತಮ್ಮ ಚಿತ್ರವನ್ನೇ ಅಲ್ಲಗಳೆದರು. ತಂದೆಯ ನಡತೆಯಲ್ಲಿ ವಕ್ರತೆ ಇದ್ದಿತಾದರೂ ಪ್ರೀತಿಗೆ ಕೊರತೆ ಇರಲಿಲ್ಲ, ಅವರು ತಮ್ಮನ್ನು ಹೊಡೆಯುತ್ತಿರಲಿಲ್ಲ, ಅಂಥವರನ್ನು ಲೋಕದ ಮುಂದೆ ದುಷ್ಟರಂತೆ ಚಿತ್ರಿಸಿ ಅನ್ಯಾಯ ಮಾಡಿದೆ ಎಂದು ಒಪ್ಪಿಕೊಂಡರು.

ಹಾಗಾದರೆ ಬಾಲಕನ ನೋವು ಸುಳ್ಳೇ? ಅಲ್ಲ. ನೋವು ನಿಜವೇ ಆಗಿದ್ದಿರಬೇಕು. ಆದರೆ ಅದು ಬರೆದ ಲೆಕ್ಕ ಪೂರ್ಣವಾಗಿರಲಿಲ್ಲ. ಖರ್ಚಿನ ಬದಿಯನ್ನು ಮಾತ್ರ ಬರೆದು ಜಮೆಯ ಬದಿಯನ್ನು ಖಾಲಿ ಬಿಟ್ಟ ಪುಸ್ತಕವನ್ನು ಯಾವ ವರ್ತಕನೂ ಒಪ್ಪಲಾರನು. ಹೆತ್ತವರ ವಿಷಯದಲ್ಲಿ ಮಾತ್ರ ಅಂಥ ಪುಸ್ತಕವನ್ನು ನಾವು ಸುಲಭವಾಗಿ ನಂಬಿಬಿಡುತ್ತೇವೆ.

ಮಕ್ಕಳ ಪ್ರತಿಭೆಯನ್ನು ತಮ್ಮ ಬಂಡವಾಳವೆಂದು ಭಾವಿಸದಿರುವುದು ಹೆತ್ತವರ ಧರ್ಮ. ದೂರುವಾಗಲೂ ಪಡೆದುದನ್ನು ಮರೆಯದಿರುವುದು ಮಕ್ಕಳ ಧರ್ಮ. ತಪ್ಪಿದ ಲೆಕ್ಕವನ್ನು ಬಹಿರಂಗವಾಗಿ ತಿದ್ದಲು ಆ ಮಗನಿಗೆ ಮೂರು ವರ್ಷ ಹಿಡಿಯಿತು. ಅನೇಕರಿಗೆ ಅಷ್ಟು ಕಾಲಾವಕಾಶ ದೊರೆಯುವುದಿಲ್ಲ.