ಮುಟ್ಟಬಾರದ ದಿನ, ಮುಟ್ಟಬೇಕಾದ ದಿನ

ನಾವು ಬನಹಟ್ಟಿಯ ನೇಕಾರರು. ಮಗ್ಗದ ಸದ್ದಿನಲ್ಲೇ ಹುಟ್ಟಿ, ಆ ಸದ್ದಿಗೇ ನಿದ್ದೆ ಹೋದವರು. ಅಂಥ ಮನೆಯ ಕೂಸು, ಏಳು ವರ್ಷದ ನನ್ನ ತಮ್ಮ, 1984ರಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, ಚಮಚ ಬಿದ್ದ ಸದ್ದಿಗೂ ಅವನ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಈ ರೋಗವನ್ನು ಧನುರ್ವಾಯು ಎಂದು ಯಾಕೆ ಕರೆಯುತ್ತಾರೆಂದು ಆಗ ತಿಳಿಯಿತು.

ಮುಧೋಳದಲ್ಲಿ ಸೋದರಮಾವನ ಹೊಲಕ್ಕೆ ಹೋದಾಗ ಕಬ್ಬಿನ ಕೂಳೆ ಅವನ ಅಂಗಾಲಿಗೆ ಚುಚ್ಚಿತ್ತು. ಅರಿಶಿನ ಒತ್ತಿ ಸುಮ್ಮನಾದೆವು. ಗಾಯ ಮಾಯ್ದಂತೆಯೂ ಕಂಡಿತು. ಒಂಬತ್ತನೆಯ ದಿನ ರೊಟ್ಟಿ ತಿನ್ನಲು ಬಾಯಿ ತೆರೆಯಲಿಲ್ಲ. ತುಕ್ಕು ಹಿಡಿದ ಮೊಳೆಯೇ ಚುಚ್ಚಬೇಕೆಂದಿಲ್ಲ. ಮಣ್ಣು, ಸಗಣಿಯಲ್ಲಿರುವ ರೋಗಾಣು ಗಾಳಿ ಸೋಕದ ಆಳವಾದ ಗಾಯದಲ್ಲಿ ಬೆಳೆದು ವಿಷ ಉಗುಳುತ್ತದೆ. ಬಿಗಿದ ಸ್ನಾಯುವನ್ನು ಸಡಿಲಗೊಳಿಸುವ ನರಗಳ ಕೆಲಸವನ್ನೇ ಆ ವಿಷ ತಡೆಯುತ್ತದೆ. ತಮ್ಮನಿಗೆ ನಾವು ಲಸಿಕೆ ಹಾಕಿಸಿರಲಿಲ್ಲ.

ಅವನನ್ನು ಕತ್ತಲು ಕೋಣೆಯಲ್ಲಿಟ್ಟರು. ಕಟ್ಟಿಗೆಯಾಗಿದ್ದ ಕಾಲಿಗೆ ಎಣ್ಣೆ ತಿಕ್ಕಲು ಹೋದ ಅವ್ವನನ್ನು ಫಿಜಿಯೋಥೆರಪಿಯ ಅಕ್ಕಾವರು ತಡೆದರು.

"ಈಗ ಮುಟ್ಟಬ್ಯಾಡ ಯವ್ವಾ, ಸೆಳೆತ ಬರ್ತೈತಿ. ಮುಟ್ಟೂ ದಿನ ನಾನ ಹೇಳ್ತೀನಿ."

ಹೆತ್ತ ಕೂಸನ್ನು ಮುಟ್ಟದೆ ಅವ್ವ ಬಾಗಿಲ ಬಳಿ ಕೂತಳು. ಔಷಧಿಯಿಂದ ಸೆಳೆತ ತಗ್ಗಿದ ಹೊತ್ತು ನೋಡಿ ಅಕ್ಕಾವರು ಅವನ ಮಗ್ಗುಲು ಬದಲಿಸುತ್ತಿದ್ದರು, ಎದೆಯಲ್ಲಿ ಕಫ ನಿಲ್ಲದಂತೆ ನೋಡಿಕೊಳ್ಳುತ್ತಿದ್ದರು. ಅಷ್ಟೇ.

ನಾಲ್ಕನೆಯ ವಾರ ಸೆಳೆತ ನಿಂತಿತು. ಗುಣವಾಯಿತು ಎಂದುಕೊಂಡೆವು. ಆದರೆ ಕಾಲು ಬಡಕಲಾಗಿತ್ತು, ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಸೆಳೆತದ ರಭಸಕ್ಕೆ ಬೆನ್ನೆಲುಬು ಮುರಿಯುವುದೂ ಉಂಟಂತೆ. ಅದನ್ನು ಪರೀಕ್ಷಿಸಿದ ಮೇಲೆಯೇ ಅವನನ್ನು ಎಬ್ಬಿಸಿ ಕೂರಿಸಿದರು. ಅಂದು ಅಕ್ಕಾವರು ಅವ್ವನನ್ನು ಕರೆದು, "ಈಗ ನಿನ್ನ ಕೈನ ಔಷಧ" ಎಂದರು. ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ತುಸು ಹೊತ್ತು ಹಿಡಿಯುವುದು, ಮೊಣಕಾಲು ಮಡಿಸಿ ಬಿಡಿಸುವುದು. ಜಗ್ಗಬಾರದು, ಅವಸರ ಮಾಡಬಾರದು. ನೂಲು ಹರಿಯದಂತೆ ಕಂಡಿಕೆ ಸುತ್ತಿದ ಕೈ ಬೇಗ ಕಲಿಯಿತು.

ಊರಿಗೆ ಬಂದ ಮೇಲೂ ಎರಡು ತಿಂಗಳು ಇದೇ ನಡೆಯಿತು. ಮೊದಲು ಗೋಡೆ ಹಿಡಿದು ನಿಂತ. ಆಮೇಲೆ ನನ್ನ ಹೆಗಲು ಹಿಡಿದು ನಡೆದ. ಒಂದು ದಿನ ಮಗ್ಗದ ಸದ್ದಿನ ನಡುವೆ ನಿದ್ದೆ ಹೋದ. ಅವ್ವ ಅತ್ತದ್ದು ಆವತ್ತೇ.

ಈ ರೋಗ ಬಂದು ಹೋದವರಿಗೂ ಲಸಿಕೆ ಬೇಕು. ಮತ್ತೆ ಬಾರದಂತೆ ತಡೆಯುವ ಶಕ್ತಿಯನ್ನು ಅದು ಮೈಗೆ ಕೊಟ್ಟುಹೋಗುವುದಿಲ್ಲ. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಮ್ಮ ದೇಶ ಹತೋಟಿಗೆ ತಂದಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಆದರೆ ಜಮಖಂಡಿಯ ಕಬ್ಬಿನ ಗದ್ದೆಯ ಮಣ್ಣಿನಿಂದ ರೋಗಾಣು ಎಲ್ಲಿಗೂ ಹೋಗಿಲ್ಲ.

ತಮ್ಮ ಈಗ ಬೀಳಗಿಯಲ್ಲಿ ಮಾಸ್ತರ. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಚುಚ್ಚುಮದ್ದಿನ ದಿನ ಯಾರಾದರೂ ಅಳುಕಿದರೆ, ಚಪ್ಪಲಿ ಬಿಟ್ಟು ತನ್ನ ಅಂಗಾಲಿನ ಮಚ್ಚೆಯಷ್ಟು ಸಣ್ಣ ಕಲೆಯನ್ನು ತೋರಿಸುತ್ತಾನೆ.